ಅಂಜಿ ಬಿಗಿದ ನಟ್

ನಮ್ಮ ಟ್ರ್ಯಾಕ್ಟರಿನ ಟ್ರೇಲರ್ ಹತ್ತುವಾಗ ನಾನು ಇವತ್ತಿಗೂ ಮೊದಲು ಗಾಲಿ ಮುಟ್ಟುತ್ತೇನೆ. ನಮಸ್ಕಾರ ಮಾಡುತ್ತಾಳೆ ಅಂತ ಹೊಸಬರು ತಿಳಿಯುತ್ತಾರೆ. ತಿಳಿಯಲಿ ಬಿಡಿ. ನನ್ನ ಅಂಜಿಕೆ ನನಗೆ ಗೊತ್ತು.

ಮೊರಬದಿಂದ ಅಣ್ಣಿಗೇರಿ ಕಡೆಯ ಹೊಲಗಳಿಗೆ ಮೆಣಸಿನಕಾಯಿ ಬಿಡಿಸಲು ಓಣಿಯ ಹೆಣ್ಣುಮಕ್ಕಳನ್ನು ಕರೆದೊಯ್ಯುವುದು ನಮ್ಮ ಟ್ರೇಲರ್. ಓಡಿಸುವವರು ನನ್ನ ಗಂಡ. ಹಿಂದೆ ಕೂಡುವವರಲ್ಲಿ ನಾನೂ ನನ್ನ ಅತ್ತೆಯೂ ಇರುತ್ತೇವೆ. ಈ ಅಂಜಿಕೆ ಹತ್ತಿದ ವಾರ ಪಕ್ಕದೂರಿನ ಒಂದು ಟ್ರೇಲರಿನ ಗಾಲಿ ನಡುದಾರಿಯಲ್ಲಿ ಕಳಚಿ ಹೋಗಿತ್ತು. ನಟ್ ಸಡಿಲಾಗಿತ್ತಂತೆ. ಪುಣ್ಯಕ್ಕೆ ಅದರಲ್ಲಿ ಬರೀ ಗೊಬ್ಬರವಿತ್ತು. ಸುದ್ದಿ ಕೇಳಿದ ಸಂಜೆಯೇ ಇವರು ನಮ್ಮ ಟ್ರೇಲರಿಗೆ ಜಾಕ್ ಹಚ್ಚಿ, ಗಾಲಿ ಬಿಚ್ಚಿ, ಬೇರಿಂಗಿಗೆ ಹೊಸ ಗ್ರೀಸ್ ತುಂಬಿದರು. ಆಮೇಲೆ ನಟ್ ತಿರುಗಿಸುವ ಪಾನಾಕ್ಕೆ ಉದ್ದನೆಯ ಪೈಪ್ ಸಿಗಿಸಿ, ಮೈಭಾರವೆಲ್ಲ ಹಾಕಿ ಗಾಲಿಯ ನಡುವಿನ ನಟ್ ಬಿಗಿದರು.

"ಇನ್ನ ಆನಿ ಜಗ್ಗಿದ್ರೂ ಗಾಲಿ ಬರೂದಿಲ್ಲ ನೋಡು," ಅಂದರು. ನಾನೂ ಹೌದೌದು ಅಂದೆ.

ಮರುದಿನ ಬೆಳಿಗ್ಗೆ ನಾನು ಕೂತದ್ದು ಅದೇ ಗಾಲಿಯ ನೇರಕ್ಕೆ. ಊರು ದಾಟಿ ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಯಾರದೋ ಹೊಲದಲ್ಲಿ ಕಸ ಸುಡುತ್ತಿರಬೇಕು ಅಂದುಕೊಂಡೆ. ವಾಸನೆ ನಮ್ಮ ಜೊತೆಗೇ ಬರತೊಡಗಿತು. ಬಗ್ಗಿ ನೋಡಿದರೆ ಗಾಲಿಯ ನಡುವಿನಿಂದ ತೆಳ್ಳಗೆ ಹೊಗೆ! ಮುಂದೆ ರಸ್ತೆ ಕಾಲುವೆಯ ದಂಡೆ ಏರುತ್ತಿತ್ತು. ಬೇರಿಂಗ್ ಕಾದು ಒಡೆದು ಅಲ್ಲಿ ಗಾಲಿ ಕಿತ್ತುಹೋದರೆ ನಾವಿಷ್ಟೂ ಜನ ನೇರ ನೀರಿಗೆ.

"ನಿಲ್ಲಸ್ರೀ!" ಅಂತ ಚೀರಿದೆ. ಎಲ್ಲರೂ ಚೀರಿದರು. ಇವರಿಗೆ ಕೇಳಬೇಕಲ್ಲ! ಟ್ರ್ಯಾಕ್ಟರಿಗೆ ಕಟ್ಟಿದ ಸ್ಪೀಕರಿನಲ್ಲಿ ಹಾಡು ಊರಿಗೆಲ್ಲ ಕೇಳುವಂತೆ ಬಡಿಯುತ್ತಿತ್ತು. ಆ ಸ್ಪೀಕರನ್ನು ತಂದ ದಿನವೇ ಬಾವಿಗೆ ಹಾಕಬೇಕಿತ್ತು. ನಾವು ಖುಷಿಗೆ ಕೂಗುತ್ತಿದ್ದೇವೆ ಅಂತ ತಿಳಿದು ಇವರು ತಲೆ ಕುಣಿಸಿದರು. ಸತ್ತೆವು ಅಂದುಕೊಂಡು ನನ್ನ ಬುತ್ತಿಯ ಗಂಟನ್ನೇ ಬೀಸಿ ಒಗೆದೆ. ರೊಟ್ಟಿ, ಪುಂಡಿಪಲ್ಯ ಎಲ್ಲ ಇವರ ಬೆನ್ನಿಗೆ ಬಡಿಯಿತು. ಟ್ರ್ಯಾಕ್ಟರ್ ನಿಂತಿತು.

"ತಲಿ ಕೆಟ್ಟೈತೇನ ನಿಂದು?" ಅನ್ನುತ್ತ ಇಳಿದವರು ಹೊಗೆ ನೋಡಿ ಗಾಲಿಯ ಕಡೆ ಓಡಿದರು. ಗಾಲಿಯ ನಡುವಿನ ಹಬ್ಬಿನ ಮೇಲೆ ಒಂದು ಹನಿ ನೀರು ಬಿಟ್ಟರೆ ಚುಂಯ್ ಎಂದಿತು.

ಹೆಣ್ಣುಮಕ್ಕಳೆಲ್ಲ ಇಳಿದು ಜಾಲಿಗಿಡದ ಕೆಳಗೆ ನಿಂತರು. ಹಬ್ ಆರಿದ ಮೇಲೆ ಇವರು ಜಾಕ್ ಹಚ್ಚಿ ಎತ್ತಿದರು. ಕೈಯಿಂದ ತಿರುಗಿಸಿದರೆ ಗಾಲಿ ಒಲ್ಲೆ ಅನ್ನುತ್ತಿತ್ತು, ನಟ್ ಬೇರಿಂಗನ್ನು ಅಷ್ಟು ಅದುಮಿ ಹಿಡಿದಿತ್ತು.

"ಗ್ಯಾರೇಜಿನಾಂವ ಹಿಂಗ ಬಿಗಿ ಅಂತ ಹೇಳಿದ್ನೇನ್ರಿ ನಿಮಗ?" ಸಿಟ್ಟು ತಡೆಯದೆ ಕೇಳಿದೆ.

ಇವರು ತಲೆ ಎತ್ತಲಿಲ್ಲ. "ಗಾಲಿ ತಿರಗಸ್ಕೋತ ಬಿಗಿ, ಆಮ್ಯಾಲ ಒಂದೀಟ ಹಿಂದಕ ಬಿಡು ಅಂದಿದ್ದ. ಗೊತ್ತಿತ್ತು ನನಗ. ಆದ್ರ ಅವ್ವ ಕೂಡತಾಳ, ನೀ ಕೂಡತಿ... ಹಿಂದಕ ಬಿಡಾಕ ಧೈರ್ಯ ಆಗ್ಲಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ನಮ್ಮನ್ನು ಉಳಿಸಲಿಕ್ಕೆಂದು ಬಿಗಿದ ನಟ್ಟೇ ನಮ್ಮನ್ನು ಕಾಲುವೆಗೆ ಹಾಕುತ್ತಿತ್ತು.

ಬೇರಿಂಗ್ ತೆಗೆದು ನೋಡಿದೆವು. ಬಣ್ಣ ತಿರುಗಿರಲಿಲ್ಲ, ಒಡೆದಿರಲಿಲ್ಲ. ಡೀಸೆಲ್ಲಿನಲ್ಲಿ ತೊಳೆದು, ಡಬ್ಬಿಯಲ್ಲಿ ಉಳಿದಿದ್ದ ಗ್ರೀಸ್ ತುಂಬಿ ಕೂಡಿಸಿದರು. ನಾನು ಗಾಲಿ ತಿರುಗಿಸುತ್ತ ಹೋದೆ, ಇವರು ಬಿಗಿದರು. ಇನ್ನು ಹಿಂದಕ್ಕೆ ಬಿಡಬೇಕು. ಪಾನಾ ಹಿಡಿದ ಕೈ ನಿಂತುಬಿಟ್ಟಿತು. ನಾನು ಆ ಕೈಯ ಮೇಲೆ ಕೈಯಿಟ್ಟು ಹಿಂದಕ್ಕೆ ಒತ್ತಿದೆ. ಆಮೇಲೆ ನಟ್ಟನ್ನು ಬೆರಳಿನಿಂದಷ್ಟೇ ತಾಗಿಸಿ, ಕಳಚದಂತೆ ಪಿನ್ ಹಾಕಿದರು. ಗಾಲಿ ಅಲುಗಾಡಲಿಲ್ಲ, ಹಗುರಾಗಿ ತಿರುಗಿತು. ಅಷ್ಟು ಹಗುರ ಕಂಡು, ಕಳಚಿ ಹೋದೀತೇ ಅಂತ ನಾನು ಪಿನ್ನನ್ನು ಜಗ್ಗಿ ನೋಡಿದೆ.

ಖಾಲಿ ಟ್ರೇಲರ್ ಮುಂದೆ ಮೆಲ್ಲಗೆ ಹೋಯಿತು, ನಾವೆಲ್ಲ ಹಿಂದೆ ನಡೆದೆವು. ಹಾಡು ಇರಲಿಲ್ಲ. ಕಾಲುವೆಯ ಸೇತುವೆಯ ಈಚೆಗೆ ಇವರು ನಿಲ್ಲಿಸಿದರು. ನಾನು ಹಬ್ ಮುಟ್ಟಿದೆ. ಬರೀ ಉಗುರುಬೆಚ್ಚಗಿತ್ತು. ಇವರೂ ಮುಟ್ಟಿದರು.

"ಹತ್ತೂಣೇನವಾ?" ಅಂತ ಅತ್ತೆ ಕೇಳಿದರು, ಮಗನನ್ನಲ್ಲ, ನನ್ನನ್ನು.

ಇವರು ನನ್ನ ಮುಖ ನೋಡಿದರು. ಎಲ್ಲರೂ ನೋಡಿದರು. ಮತ್ತೊಮ್ಮೆ ಹಬ್ ಮುಟ್ಟಿದೆ.

"ಹತ್ರಿ," ಅಂದೆ.

ಅತ್ತೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಎಲ್ಲರಿಗಿಂತ ಮೊದಲು ಹತ್ತಿದರು. ಅದೇ ಗಾಲಿಯ ನೇರಕ್ಕೆ ಹೋಗಿ ಕೂತರು.