ಅಲಿಯ ಕಾರ್ಡಿಗೆ ಲ್ಯಾಮಿನೇಷನ್

ನನ್ನ ಗಂಡ ಮೊಯ್ದಿನ್ ಕುಂಞಿಯವರಿಗೆ ಯಾವುದಾದರೂ ಕಾಗದದ ಮೇಲೆ ಪ್ರೀತಿ ಬಂತೆಂದರೆ ಮುಗಿಯಿತು, ಅದಕ್ಕೆ ಲ್ಯಾಮಿನೇಷನ್ ಆಗಲೇಬೇಕು. ನಮ್ಮ ನಿಕಾಹ್ ಫೋಟೋ, ಮಗಳು ನಹ್ಲಾಳ ಪೋಲಿಯೋ ಕಾರ್ಡು, ಊರಿನ ರೇಷನ್ ಕಾರ್ಡು, ಎಲ್ಲವೂ ಪ್ಲಾಸ್ಟಿಕ್ಕಿನೊಳಗೆ. ಬಂಟ್ವಾಳದ ಕಡೆ ಬೇಕಾದ ಕಾಗದವನ್ನು ಹಾಗೆ ಮಾಡಿಸದಿದ್ದರೆ ದೊಡ್ಡವರಿಂದ ಬೈಗುಳ ಗ್ಯಾರಂಟಿ. ಈ ಅರಬಿ ದೇಶದ ಮದೀನತ್ ಖಲೀಫಾದಲ್ಲಿ ಇವರ ಜೆರಾಕ್ಸ್, ಫ್ರೇಮಿನ ಅಂಗಡಿ ನಡೆಯುವುದೂ ಆ ಮೆಷಿನ್ನಿನಿಂದಲೇ. ನನ್ನನ್ನೂ ಹಿಡಿದು ಅದರೊಳಗೆ ತೂರಿಸಿಲ್ಲವಲ್ಲ, ಅಲ್‌ಹಮ್ದುಲಿಲ್ಲಾ!

ಅಂಗಡಿಯ ಲೈಸೆನ್ಸು ಮೊದಲು ಒಬ್ಬ ಅರಬಿ ಮುದುಕರ ಹೆಸರಿನಲ್ಲಿತ್ತು. ಅವರು ತೀರಿಕೊಂಡ ಮೇಲೆ ಮಗ ಅಲಿಯ ಹೆಸರಿಗೆ ಬಂತು. ಅವನ ಸಹಿ ಇಲ್ಲದಿದ್ದರೆ ಅಂಗಡಿಯಿಲ್ಲ, ಅಂಗಡಿಯಿಲ್ಲದಿದ್ದರೆ ನಮಗೆ ವೀಸಾ ಇಲ್ಲ. ಲೈಸೆನ್ಸು ನವೀಕರಿಸಲು ಈ ತಿಂಗಳೇ ಆ ಸಹಿ ಬೇಕಿತ್ತು.

ಅಂಥ ಹೊತ್ತಿನಲ್ಲಿ ಅಲಿ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಒಂದು ಕಾರ್ಡು ತಂದ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ರಟ್ಟು, ಅದರ ಮೇಲೆ ಟೋಪಿ ಹಾಕಿದ ಬೇಸ್‌ಬಾಲ್ ಆಟಗಾರ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಸಿಗರೇಟಿನ ಪ್ಯಾಕಿನೊಳಗೆ ಪುಕ್ಕಟೆ ಬರುತ್ತಿತ್ತಂತೆ. ಮಕ್ಕಳು ಆಡಿ, ಹರಿದು, ಎಸೆದರಂತೆ. ಉಳಿದದ್ದು ಬೆರಳೆಣಿಕೆಯಷ್ಟು. ಅದರಲ್ಲೂ ಮೂಲೆ ಮೊಂಡಾಗದ, ಬಣ್ಣ ಮಾಸದ ಒಂದು ಸಿಕ್ಕಿತೆಂದರೆ ಸಂಗ್ರಹಿಸುವವರು ಹುಚ್ಚು ಹಿಡಿದವರಂತೆ ಮುಗಿಬೀಳುತ್ತಾರಂತೆ. ಕಸಕ್ಕೆ ಹೋದದ್ದರಿಂದಲೇ ಬೆಲೆ ಬಂತು, ನೋಡಿ ಮಾರಾಯ್ರೆ!

"ಮಜ್ಲಿಸ್‌ನಲ್ಲಿ, ಅತಿಥಿಗಳು ಕೂರುವಲ್ಲಿ, ತೂಗುಹಾಕಬೇಕು ಕಾಕಾ, ಚಂದದ ಫ್ರೇಮ್ ಹಾಕು. ಜೋಪಾನ, ನನ್ನ ಜೀವ ಇದು" ಎಂದು ಕೊಟ್ಟು ಹೋದ. ಜೋಪಾನ ಮಾಡಲು ಇವರಿಗೆ ಗೊತ್ತಿದ್ದದ್ದು ಒಂದೇ ದಾರಿ.

ಮಧ್ಯಾಹ್ನ ನಹ್ಲಾಳ ಜೊತೆ ಊಟ ಕೊಂಡುಹೋದಾಗ ಇವರು ಮಿರಿಮಿರಿ ಮಿಂಚುವ ಕಾರ್ಡನ್ನು ಎತ್ತಿ ಹಿಡಿದರು. "ನೋಡು ಖೈರುನ್ನಿಸಾ, ಫ್ರೇಮಿಗೆ ಹಾಕುವ ಮುಂಚೆ ಭದ್ರ ಮಾಡಿದೆ. ಇನ್ನು ನೀರು ಬಿದ್ದರೂ ಎಂತ ಆಗುವುದಿಲ್ಲ."

"ಉಪ್ಪಾ! ಎಂತ ಮಾಡಿದ್ದು ನೀವು?" ನಹ್ಲಾ ಫೋನಿನಲ್ಲಿ ಏನೇನೋ ಹುಡುಕಿದಳು. ಅವಳ ಮುಖ ಬಿಳಿಚಿತು. "ಲ್ಯಾಮಿನೇಟ್ ಆದ್ರೆ ಖಲಾಸ್. ಯಾರೂ ಮೂಸುವುದಿಲ್ಲ. ಬಿಡಿಸ್ಲಿಕ್ಕೆ ಹೋದ್ರೆ ಹರೀತದೆ."

ನನಗೆ ಪೊಲೀಸು, ಜೈಲು, ಏನೇನೋ ಕಣ್ಣಮುಂದೆ ಬಂತು. "ಈಗಲೇ ಏರ್‌ಪೋರ್ಟಿಗೆ ಹೋಗುವ. ಅವ ಬರುವಷ್ಟರಲ್ಲಿ ಮಂಗಳೂರು ಮುಟ್ಟಬೇಕು" ಎಂದೆ.

"ಓಡಿದ್ರೆ ಕಳ್ಳ ಅಂತಾರೆ. ನಾನು ಕಳ್ಳ ಅಲ್ಲ."

"ಕಳ್ಳನಾದ್ರೆ ಬುದ್ಧಿ ಆದ್ರೂ ಇರ್ತಿತ್ತು!" ಎಂದು ಕಿರುಚಿದೆ. ಅವರು ಅನ್ನದ ಡಬ್ಬ ತೆರೆಯಲೇ ಇಲ್ಲ. ಹೊರಗೆ ಯಾವ ಕಾರು ನಿಂತರೂ ನಾನು ಎದ್ದು ಬಾಗಿಲಲ್ಲಿ ಇಣುಕುತ್ತಿದ್ದೆ.

ಸಂಜೆಯ ಅಸರ್ ನಮಾಝಿನ ನಂತರ ಅಲಿ ಬಂದ. ಇವರು ಎದ್ದುನಿಂತು ಕಾರ್ಡನ್ನು ಎರಡೂ ಕೈಯಲ್ಲಿ ಚಾಚಿದರು. "ನಾನೇ ಮಾಡಿದ್ದು. ಭದ್ರ ಇರಲಿ ಅಂತ. ಹಾಳಾಗುತ್ತೆ ಅಂತ ಗೊತ್ತಿರಲಿಲ್ಲ."

ಅಲಿಯ ದವಡೆ ಬಿಗಿಯಾಯಿತು. ಈಗ ಹೊಡೆಯುತ್ತಾನೆ ಎಂದು ನಾನು ನಹ್ಲಾಳ ಕೈ ಹಿಡಿದುಕೊಂಡೆ. ಅವನು ಕಾರ್ಡು ತೆಗೆದುಕೊಂಡು ಸ್ಟೂಲಿನ ಮೇಲೆ ಕುಸಿದ. ಆಮೇಲೆ ಹೆಬ್ಬೆರಳಿನಿಂದ ಆ ಆಟಗಾರನ ಮುಖ ಸವರಿದ.

"ಕೊಂಡಾಗಿನಿಂದ ಒಮ್ಮೆಯೂ ಬರಿಗೈಯಲ್ಲಿ ಮುಟ್ಟಿರಲಿಲ್ಲ" ಎಂದ. "ಎಸಿ ನೀರು ಬಿದ್ದರೆ ಅಂತ ಹೆದರಿಕೆ, ಕೆಲಸದವರು ಮುಟ್ಟಿದರೆ ಅಂತ ಹೆದರಿಕೆ. ಬಾಬಾ ಹಾಸಿಗೆ ಹಿಡಿದಾಗ, ಒಂದು ಸಲ ಕೈಗೆ ಕೊಡು ಮಗನೇ, ನೋಡಿ ಕೊಡ್ತೇನೆ ಅಂದ್ರು. ಅವರ ಕೈ ಬೆವರುತ್ತಿತ್ತು. ಕೊಡಲಿಲ್ಲ ಕಾಕಾ."

ಅಷ್ಟು ದೊಡ್ಡ ಗಂಡಸು ಬಿಕ್ಕಿಬಿಕ್ಕಿ ಅತ್ತ.

ಕಣ್ಣೊರೆಸಿಕೊಂಡು ಎದ್ದ. "ಲೈಸೆನ್ಸಿನ ಕಾಗದ ನಾಳೆ ತಾ, ಸಹಿ ಹಾಕ್ತೇನೆ." ಬಾಗಿಲವರೆಗೆ ಹೋದವನು ತಿರುಗಿ ಬಂದು ಕಾರ್ಡನ್ನು ಇವರ ಮುಂದೆ ಹಿಡಿದ. "ಹಿಡಿದು ನೋಡು ಕಾಕಾ. ಇನ್ನು ಯಾರು ಬೇಕಾದರೂ ಹಿಡಿಯಬಹುದು."

ಇವರು, ಆ ಮುದುಕರಿಗೆ ಸಿಗದದ್ದು ತಮಗೂ ಬೇಡ ಎಂಬಂತೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತರು.