ಮಧ್ಯಂತರಕ್ಕೆ ಮೊದಲೇ ಸತ್ತ ಅಡುಗೆಯವರು

ಇನ್ನೂ ಬೆಳಕು ಹರಿದಿಲ್ಲ. ಬಂದರಿನ ಕ್ಯಾಂಟೀನಿನಲ್ಲಿ ಆಗಲೇ ಈರುಳ್ಳಿ ಚಟಪಟ ಎನ್ನುತ್ತಿದೆ. ಒಲೆಯ ಮುಂದೆ ನಿಂತಿರುವವರು ತೀರಿಹೋಗಿ ಮೂರು ವಾರವಾಯಿತು. ಹಾಗಂತ ಮೂರು ವಾರದ ಹಿಂದೆ ತೆರೆಕಂಡ ಸಿನಿಮಾ ಹೇಳುತ್ತದೆ. ಅವರು ಮಾತ್ರ ಎಪ್ಪತ್ತು ದಾಟಿಯೂ ಗಟ್ಟಿಮುಟ್ಟಾಗಿದ್ದಾರೆ, ಸೌಟು ಹಿಡಿದು ತಳ ಹಿಡಿಯುತ್ತಿರುವ ಪಾತ್ರೆಯನ್ನು ಗದರಿಸುತ್ತಿದ್ದಾರೆ.

ಯೌವನದಲ್ಲಿ ಇವರು ಎಂಟು ಜನರ ಹಾಯಿದೋಣಿಯಲ್ಲಿ ಅಡುಗೆ ಮಾಡುತ್ತ ಮಹಾಸಾಗರ ದಾಟಿ ಬಂದವರು. ಆ ಯಾನದ ಮೇಲೆ ಈಗ ಸಿನಿಮಾ ಬಂದಿದೆ. ‘ನೈಜ ಘಟನೆ ಆಧಾರಿತ’ ಎಂದು ಪೋಸ್ಟರಿನಲ್ಲಿ ದಪ್ಪಕ್ಷರವಿದೆ. ಆಧಾರ ಎಲ್ಲಿದೆ ಎಂದು ಟಿಕೆಟ್ ಕೊಂಡ ನಾನೂ ಹುಡುಕಿದೆ, ಸಿಗಲಿಲ್ಲ. ಅಲೆಗಳನ್ನು ಯಾರೋ ಬಕೆಟಿನಿಂದ ಎರಚಿದ್ದಾರೆ, ತಿಮಿಂಗಿಲ ರಬ್ಬರಿನದು, ನಾಯಕಿ ಎಲ್ಲಿ ದೋಣಿ ಹತ್ತಿದಳೋ ದೇವರೇ ಬಲ್ಲ. ಮಧ್ಯಂತರಕ್ಕೆ ತುಸು ಮೊದಲು ಅಡುಗೆಯವರು ನೀರಿಗೆ ಬಿದ್ದು ಸಾಯುತ್ತಾರೆ. ಆಮೇಲೆ ದೋಣಿಯಲ್ಲಿ ಸಾಮಾನು ಮುಗಿದು, ಉಳಿದವರೆಲ್ಲ ಕಂಗಾಲಾಗಿ ಬೂಟಿನ ಚರ್ಮ ಅಗಿಯುತ್ತಾರೆ.

"ನಾನು ಸತ್ತಾಗ ನನ್ನ ಹೆಂಡತಿ ಗೊಳೋ ಅಂತ ಅತ್ತಳು. ಪಕ್ಕದಲ್ಲೇ ಕೂತಿದ್ದೀನಿ! ಸುಮ್ನಿರೇ ಅಂದ್ರೆ, ನೆಮ್ಮದಿಯಾಗಿ ಅಳೋಕೂ ಬಿಡಲ್ಲ ಅಂತ ನನಗೇ ಬೈದಳು."

ತಟ್ಟೆ ಒರೆಸುತ್ತಿರುವ ಹೆಂಡತಿ ತಲೆ ಎತ್ತದೆ ತಿದ್ದುತ್ತಾರೆ: "ಸಿನಿಮಾದವನು ನೋಡೋಕೆ ಚೆನ್ನಾಗಿದ್ದ. ಅದಕ್ಕೆ ಅಳು ಬಂತು."

ಸತ್ತಿದ್ದಕ್ಕೆ ಇವರ ತಕರಾರಿಲ್ಲ. ಹೊಟ್ಟೆ ಉರಿಯುವುದು ಆ ಹಸಿವಿಗೆ. "ಸಾಮಾನು ಅಳೆದು ತರೋಕೆ ಬರದವನು ಅಂತ ಆಯ್ತಲ್ಲ! ನನ್ನ ದೋಣೀಲಿ ಯಾರೂ ಒಂದು ಹೊತ್ತೂ ಹಸಿದು ಮಲಗಿಲ್ಲ ಸ್ವಾಮಿ."

ಹೇಳಿದರೆ ನಂಬುವವರು ಯಾರು? ಕ್ರೇನಿನ ಕೆಲಸಗಾರರು ಬಾಗಿಲಲ್ಲೇ ಕೂಗುತ್ತಾರೆ, "ಯಜಮಾನ್ರೇ, ಇವತ್ತು ಊಟ ಇದ್ಯಾ, ಇಲ್ಲಾ ಬೂಟು ಬಿಚ್ಚಬೇಕಾ?" ಇವರೂ ನಗುತ್ತಾರೆ. ಆದರೆ ಸಿನಿಮಾ ಬಂದಾಗಿನಿಂದ, ಯಾರಿಗೂ ಕಡಿಮೆ ಬೀಳಬಾರದೆಂದು, ದಿನವೂ ಒಂದು ದೊಡ್ಡ ಪಾತ್ರೆ ಹೆಚ್ಚಿಗೆ ಬೇಯುತ್ತಿದೆ. ಮಿಕ್ಕಿದ್ದನ್ನು ಗಂಡ ಹೆಂಡತಿ ರಾತ್ರಿ ತಿನ್ನುತ್ತಾರೆ. ಹೆಂಡತಿ ಹೇಳಿದ ಈ ಮಾತು ಕೇಳಿ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹೊತ್ತೇರುವಾಗ ಕೋಲೂರಿಕೊಂಡು ಆ ಯಾನದ ಕ್ಯಾಪ್ಟನ್ ಬರುತ್ತಾರೆ. ಸಿನಿಮಾದವರಿಗೆ ಕತೆ ಕೊಟ್ಟವರು ಇವರೇ. "ಹೊಟ್ಟೆ ತುಂಬಿದವರದ್ದು ಸಾಹಸ ಅನ್ಸಲ್ಲ ಅಂದ್ರು. ನಾನೂ ಹೂಂ ಅಂದ್ಬಿಟ್ಟೆ ಮಾರಾಯ," ಎಂದು ಅಡುಗೆಯವರ ಮುಂದೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಆಮೇಲೆ ಕಂಕುಳಿನ ಪೊಟ್ಟಣ ಬಿಚ್ಚಿ ಒಂದು ಹಳೇ ಪ್ಯಾಂಟು ಎತ್ತಿ ಹಿಡಿಯುತ್ತಾರೆ. ಸೊಂಟದ ಹಿಂಭಾಗದಲ್ಲಿ ಗೇಣಗಲದ ಹಾಯಿಬಟ್ಟೆ ಸೇರಿಸಿ ಹೊಲಿದಿದೆ.

"ಎಲ್ಲರೂ ನೋಡ್ರಪ್ಪಾ! ನಡುಸಮುದ್ರದಲ್ಲಿ ನನ್ನ ಈ ಪ್ಯಾಂಟಿನ ಗುಂಡಿ ಹಾರಿಹೋಯ್ತು. ಹಾಯಿ ಕತ್ತರಿಸಿ ಅಗಲ ಮಾಡಿಕೊಟ್ಟೋನು ಇವನೇ. ಹಸಿದವನ ಪ್ಯಾಂಟಾ ಇದು?"

ಕ್ರೇನಿನವನೊಬ್ಬ ಅದರೊಳಗೆ ಇಳಿದು ನೋಡುತ್ತಾನೆ. ಅವನ ಗೆಳೆಯನಿಗೂ ಜಾಗ ಉಳಿಯುತ್ತದೆ. ಕ್ಯಾಂಟೀನೆಲ್ಲ ಬಿದ್ದು ಬಿದ್ದು ನಗುತ್ತದೆ, ಸಾಲಾಗಿ ತಟ್ಟೆಗಳು ಮುಂದೆ ಚಾಚಿಕೊಳ್ಳುತ್ತವೆ. ಅಂದು ಹೆಚ್ಚಿನ ಪಾತ್ರೆಯೂ ಖಾಲಿಯಾಗುತ್ತದೆ.

ಮತ್ತೊಮ್ಮೆ ಸಿನಿಮಾ ಮಾಡಿದರೆ ನಿಮ್ಮನ್ನು ಬದುಕಿಸಲು ಹೇಳಲೇ ಎಂದು ಅಡುಗೆಯವರನ್ನು ಕೇಳುತ್ತೇನೆ. ಪ್ಯಾಂಟನ್ನು ಒಲೆಯ ಪಕ್ಕದ ಮೊಳೆಗೆ ನೇತುಹಾಕುತ್ತಾ ಯೋಚಿಸುತ್ತಾರೆ.

"ಬೇಡ ಬಿಡಿ, ಇವಳಿಗೆ ಅಳು ಇಷ್ಟ. ಸಾಯಿಸಲಿ. ಆದ್ರೆ ಎಲ್ಲರಿಗೂ ಬಡಿಸಿ ಆದಮೇಲೆ ಸಾಯಿಸೋಕೆ ಹೇಳಿ."