ಕಮಲಕ್ಕ ಕದ್ದ ಕಡ್ಡಿ

ಕಮಲಕ್ಕನ ಹೆಬ್ಬೆರಳಿನ ಉಗುರು ಯಾವಾಗಲೂ ಹಸಿರಾಗಿರುತ್ತಿತ್ತು. ಮದುವೆ ಮನೆಯಿರಲಿ, ತಿಥಿ ಮನೆಯಿರಲಿ, ಹೊರಡುವಾಗ ಅವರ ಅಂಗಳದಿಂದ ಒಂದು ಹೂವಿನ ಕಡ್ಡಿ ಚಿವುಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳದೆ ಬಂದವಳಲ್ಲ. ಕೇಳಿದರೆ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಆದರೆ ಅವಳು ಕೇಳುತ್ತಿರಲಿಲ್ಲ. "ಕೇಳಿ ತಂದ ಗಿಡ ಬದುಕಲ್ಲ, ಕದ್ದು ತಂದದ್ದೇ ಚಿಗುರೋದು" ಅನ್ನುವುದು ಅವಳ ಶಾಸ್ತ್ರ. ಅವಳ ಗಿಡಗಳಿಗೆಲ್ಲ ಕದ್ದ ಜಾಗದ್ದೇ ಹೆಸರು. ಕಳಸದ ದಾಸವಾಳ, ಮೂಡಿಗೆರೆ ಡಾಕ್ಟರ ಗುಲಾಬಿ, ಬೀಗರ ಸೇವಂತಿಗೆ.

ಅವಳು ನನ್ನ ಓರಗಿತ್ತಿ, ಭಾವನ ಹೆಂಡತಿ. ವರಸೆಯಲ್ಲಿ ಅಕ್ಕ, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು. ಹಾಗಾಗಿ ಅಕ್ಕ ಅಂತ ಕರೆದೇ ಬೈಯುತ್ತಿದ್ದೆ. ವಸ್ತಾರೆ ಹತ್ತಿರದ ನಮ್ಮ ಎರಡು ಮನೆಗಳ ನಡುವೆ ಇರುವುದು ಕಾಫಿ ಒಣಗಿಸುವ ಕಣ ಒಂದೇ. ನನಗೆ ಅವಳ ಈ ಕಳ್ಳತನ ಕಂಡರೆ ಆಗುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಕಾಫಿಗೆ ಒಳ್ಳೆ ರೇಟು ಬಂದಾಗ ನಮ್ಮ ಕಡೆಯ ಬೆಳೆಗಾರರು ಗುಂಪು ಕಟ್ಟಿಕೊಂಡು ಇಟಲಿಗೆ ಹೊರಟರು. ನಮ್ಮ ಕಾಫಿಯನ್ನು ಅಲ್ಲಿ ಹೇಗೆ ಹುರಿಯುತ್ತಾರೆ ನೋಡಬೇಕು ಅಂತ ಗಂಡಸರ ಆಸೆ. ಹೆಂಗಸರನ್ನೂ ಕರೆದುಕೊಂಡರು. ಆಗಲೇ ನಾವಿಬ್ಬರೂ ಅಜ್ಜಿಯರಾಗಿದ್ದೆವು. ಹೊರಡಲು ಹತ್ತು ದಿನ ಇರುವಾಗ ಕಮಲಕ್ಕ ಕಣದ ಕಟ್ಟೆ ಮೇಲೆ ನನ್ನ ಪಕ್ಕ ಬಂದು ಕೂತಳು.

"ಹೊಟ್ಟೇಲಿ ಗೆಡ್ಡೆ ಇದ್ಯಂತೆ. ಕುಯ್ಯಬೇಕು ಅಂದ್ರು ಮಂಗಳೂರು ಡಾಕ್ಟ್ರು."

"ಭಾವಂಗೆ ಹೇಳಿದ್ಯಾ?"

"ಹೇಳಿದ್ರೆ ಟಿಕೆಟ್ ಹರಿದು ಹಾಕ್ತಾರೆ. ಮೊದ್ಲು ಸಮುದ್ರ ನೋಡ್ತೀನಿ, ಆಮೇಲೆ ಕುಯ್ಯಿಸ್ಕೊಳ್ತೀನಿ. ನೀನು ಬಾಯಿ ಬಿಟ್ರೆ ನನ್ನಾಣೆ."

ಬಾಯಿ ಬಿಡಲಿಲ್ಲ. ಅದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಲ್ಲಿ ಒಂದು ದಿನ ಗಂಡಸರು ಹುರಿಯುವ ಮಿಷನ್ ನೋಡಲು ಹೋದರು. ನಮ್ಮನ್ನು ಟೂರಿನವರು ರೈಲು ಹತ್ತಿಸಿ ಸಮುದ್ರದ ಊರುಗಳಿಗೆ ಕರೆದುಕೊಂಡು ಹೋದರು. ರೈಲು ಸುರಂಗಕ್ಕೆ ನುಗ್ಗುವುದು, ಹೊರಗೆ ಬರುವುದು, ಬಂದಾಗಲೆಲ್ಲ ಸಮುದ್ರ. ಬಂಡೆಗೆ ಅಂಟಿಕೊಂಡ ಊರು. ಹಳದಿ, ಗುಲಾಬಿ, ಹಸಿರು ಮನೆಗಳು ಒಂದರ ಮೇಲೊಂದು, ಬಳೆಗಾರನ ಮಲಾರದ ಹಾಗೆ. ಮಗುವಿಗೆ ಹಾಲು ಕುಡಿಸುವ ಒಳಲೆಯಷ್ಟು ಬಟ್ಟಲಲ್ಲಿ ಕಾಫಿ ಕೊಟ್ಟರು. ಕಮಲಕ್ಕ ಒಂದು ಗುಟುಕು ಕುಡಿದು ಮುಖ ಹಿಂಡಿದಳು. "ನಾವು ವರ್ಷಪೂರ್ತಿ ಒದ್ದಾಡೋದು ಈ ಕಷಾಯಕ್ಕಾ?"

ಮೆಟ್ಟಿಲು ಹತ್ತುವಾಗ ಒಂದು ಹಳದಿ ಮನೆಯ ಕಿಟಕಿ ಕೆಳಗೆ ಹೊಟ್ಟೆ ಹಿಡಿದು ನಿಂತುಬಿಟ್ಟಳು. ನನ್ನ ಜೀವ ಹಾರಿಹೋಯಿತು. ನೋಡಿದರೆ ಅವಳ ಕಣ್ಣು ಕಿಟಕಿಯ ಕುಂಡದ ಮೇಲೆ. ಜಿರೇನಿಯಂ.

"ನಮ್ಮಲ್ಲಿರೋದು ತಿಳಿಗೆಂಪು. ಇದು ನೋಡು, ಪಕ್ಕಾ ಕಾಫಿ ಹಣ್ಣಿನ ಬಣ್ಣ."

"ಅಕ್ಕ, ಪರದೇಶದಲ್ಲಿ ಮಾನ ಕಳೀಬೇಡ."

ನಾನು ಹೇಳಿ ಮುಗಿಸುವಷ್ಟರಲ್ಲಿ ಕಡ್ಡಿ ಅವಳ ಸೊಂಟದಲ್ಲಿತ್ತು. ಕಿಟಕಿಯಿಂದ ಒಬ್ಬ ಮುದುಕಿ ತಲೆ ಹಾಕಿ ಏನೋ ಕೂಗಿದಳು. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯುತ್ತದೆ. ನಾನು ಕೈಮುಗಿದು, ಗಿಡ ತೋರಿಸಿ, ಒಂದು ಕೊಡಿ ಅಂತ ಬೆರಳೆತ್ತಿ ಬೇಡಿದೆ. ಆ ಹೆಂಗಸು ನಕ್ಕು, ಬೇರು ಬಂದ ಸಸಿಯನ್ನೇ ಕಾಗದದ ಲೋಟದಲ್ಲಿಟ್ಟು ಕೊಟ್ಟಳು.

"ನೋಡಿದ್ಯಾ? ಮರ್ಯಾದೆಯಿಂದ ಕೇಳಿದ್ರೆ ಬೇರು ಸಮೇತ ಸಿಗುತ್ತೆ" ಅಂದೆ.

"ನಿಂದು ಬದುಕಲ್ಲ ಮಾರಾಯ್ತಿ. ನಂದು ಚಿಗುರುತ್ತೆ. ಇದು ಚಿಗುರಿದ್ರೆ ನಾನೂ ಚಿಗುರ್ತೀನಿ, ನೋಡ್ತಿರು."

ನಗುತ್ತಲೇ ಹೇಳಿದಳು. ಆದರೆ ರೈಲು ಹತ್ತುವವರೆಗೂ ಸೊಂಟದ ಮೇಲಿನ ಕೈ ತೆಗೆಯಲಿಲ್ಲ.

ಅವಳ ಕಡ್ಡಿ ಎಲೆಅಡಿಕೆ ಡಬ್ಬಿಯಲ್ಲಿ, ಒದ್ದೆ ಬಟ್ಟೆ ಸುತ್ತಿಕೊಂಡು, ಬಾಡಿದ ವೀಳ್ಯದೆಲೆಗಳ ನಡುವೆ ಮಲಗಿ ಬಂತು. ವಿಮಾನ ನಿಲ್ದಾಣದವರು ಮಣ್ಣು ಚೆಲ್ಲಿಸಿದ್ದು ನನ್ನ ಲೋಟದಿಂದ. ಸಸಿಯನ್ನು ಹೇಗೋ ತಂದು ನೆಟ್ಟೆ. ಮೊದಲ ಮಳೆಗೇ ಕೊಳೆಯಿತು.

ಊರು ಮುಟ್ಟಿದ ಮೇಲೆ ಅವಳು ಮನೆಯವರಿಗೆ ಗೆಡ್ಡೆಯ ವಿಷಯ ಹೇಳಿದಳು. ಭಾವ ನನ್ನ ಜೊತೆ ಒಂದು ತಿಂಗಳು ಮಾತು ಬಿಟ್ಟರು. ಬಿಡಲಿ, ತಪ್ಪೇನಿಲ್ಲ. ಆಸ್ಪತ್ರೆಯವರು ಮೂರು ವಾರದ ಮೇಲೆ ದಿನ ಕೊಟ್ಟರು. ಹೊರಟ ಬೆಳಿಗ್ಗೆ ಜೀಪು ಹತ್ತಿ ಕೂತವಳು ಮತ್ತೆ ಇಳಿದು, ಸೂರಿನಡಿ ಆ ಕಡ್ಡಿ ನೆಟ್ಟಿದ್ದ ಹಳೇ ಬಕೆಟ್ಟಿನ ಹತ್ತಿರ ಹೋಗಿ ಬಗ್ಗಿ ನೋಡಿ ಬಂದಳು. ನನ್ನ ಕಡೆ ಎರಡು ಬೆರಳು ತೋರಿಸಿದಳು. ಎರಡು ಹೊಸ ಎಲೆ.

ಕುಯ್ದರು. ಬಂದಳು. ಎರಡು ಮಳೆಗಾಲ ಕಳೆದಳು. ಆದರೆ ಯಾರ ಮನೆಗೂ ಹೋಗುವಷ್ಟು ಶಕ್ತಿ ಬರಲಿಲ್ಲ. ನಾನು ಎಲ್ಲಿಗಾದರೂ ಹೋಗಿ ಬಂದರೆ ಮೊದಲು ನನ್ನ ಸೊಂಟ ನೋಡುತ್ತಿದ್ದಳು. "ಬರಿಗೈಲಿ ಬಂದ್ಯಾ? ದಂಡ ಕಣೇ ನಿನ್ನ ಜನ್ಮ."

ಮೂರನೇ ಮಳೆ ಹಿಡಿಯುವ ಮೊದಲು ಹೋದಳು. ಗಿಡ ಮೈತುಂಬ ಹೂ ಬಿಟ್ಟು ನಿಂತಿತ್ತು. ಗಿಡಕ್ಕೇನು ಗೊತ್ತು.

ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ನಾನು ಆ ಬಕೆಟ್ಟಿನ ಮುಂದೆ ನಿಂತಿದ್ದೆ. ಅವಳ ಸೊಸೆ ರೇಖಾ ಬಂದಳು.

"ಚಿಕ್ಕತ್ತೆ, ಬೇಕಾದ್ರೆ ಬಕೆಟ್ ಸಮೇತ ತಗೊಂಡು ಹೋಗಿ. ನನ್ನ ಕೈಲಿ ನೋಡ್ಕೊಳ್ಳಕ್ಕೆ ಆಗಲ್ಲ."

"ಬೇಡ."

"ಒಂದು ಕಡ್ಡಿನಾದ್ರೂ?"

"ಬೇಡ ಅಂದ್ನಲ್ಲ. ಒಲೆ ಮೇಲೆ ಹಾಲಿಟ್ಟಿದ್ದೀಯ, ಹೋಗಿ ನೋಡು."

ಅವಳು ಒಳಗೆ ಹೋಗುವವರೆಗೆ ಕಾದೆ. ಆಮೇಲೆ ಹೆಬ್ಬೆರಳಿನ ಉಗುರಲ್ಲಿ ಒಂದು ಕಡ್ಡಿ ಚಿವುಟಿ, ಸೊಂಟಕ್ಕೆ ಸಿಕ್ಕಿಸಿ, ಸೆರಗು ಮುಚ್ಚಿಕೊಂಡು, ಹಿಂದೆ ತಿರುಗಿ ನೋಡದೆ ಕಣ ದಾಟಿದೆ.